ವಾಡಿಯಲ್ಲಿ ಬಿಟ್ಟು ಬಂದ ಹುಬ್ಬು

ಬಿಳಿ ದಾರದ ರೀಲು ಕಂಡರೆ ಇವತ್ತಿಗೂ ನನ್ನ ಎಡಗಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಹೋದ ವಾರವೂ ಹೀಗೇ ಆಯಿತು. ಯಜಮಾನರ ಅಂಗಿಗೆ ಗುಂಡಿ ಹಚ್ಚೋಣವೆಂದು ಬಿಸ್ಕೀಟಿನ ಡಬ್ಬಿ ತೆಗೆದೆ. ಬಿಸ್ಕೀಟಿನ ಡಬ್ಬಿಯಲ್ಲಿ ಬಿಸ್ಕೀಟು ಇರುವುದಿಲ್ಲ, ಸೂಜಿ ದಾರ ಇರುತ್ತದೆ ಎಂಬುದು ನಿಮಗೂ ಗೊತ್ತು. ನಿಮ್ಮ ಮನೆಯ ಮಕ್ಕಳೂ ಆಸೆಯಿಂದ ಅದರ ಮುಚ್ಚಳ ತೆಗೆದು ಮುಖ ಸಪ್ಪಗೆ ಮಾಡಿಕೊಂಡಿರುತ್ತಾರೆ. ಇರಲಿ, ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿದೆ ನೋಡಿ, ಎಡಗಣ್ಣು ಮುಚ್ಚಿತು, ಸೂಜಿ ಬೆರಳಿಗೆ ಚುಚ್ಚಿತು.

"ವಯಸ್ಸಾತು, ಡಾಕ್ಟರಿಗೆ ಕಣ್ಣು ತೋರಿಸ್ಕೊ" ಎಂದರು ಯಜಮಾನರು, ಪೇಪರಿನಿಂದ ತಲೆ ಎತ್ತದೆ.

ತೊಂದರೆ ಇರುವುದು ಕಣ್ಣಿಗಲ್ಲ, ಅದರ ಮೇಲಿನ ಹುಬ್ಬಿಗೆ ಎಂದು ಅವರಿಗೆ ಹೇಳಿ ಪ್ರಯೋಜನವಿಲ್ಲ. ಮದುವೆಯಾಗಿ ನಾಲ್ಕು ವರ್ಷವಾದ ಮೇಲೆ ನನ್ನ ಹುಬ್ಬು ಹೇಗಿದೆ ಎಂದು ಗಮನಿಸಿದ ಮನುಷ್ಯ ಅವರು, ಅದೂ ನಾನೇ ತೋರಿಸಿದ್ದಕ್ಕೆ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ನನ್ನದು ಕೂಡುಹುಬ್ಬು. ಎರಡೂ ಹುಬ್ಬುಗಳು ಮೂಗಿನ ಮೇಲೆ ಬಂದು ಕೈ ಕೈ ಹಿಡಿದುಕೊಂಡಿವೆ. ಇದು ನಮ್ಮಪ್ಪನಿಂದ ಬಂದದ್ದು. ಆಸ್ತಿಪಾಸ್ತಿ ಏನೂ ಇಲ್ಲದ ಅಪ್ಪ ಇದೊಂದನ್ನು ಮಾತ್ರ ಧಾರಾಳವಾಗಿ ಕೊಟ್ಟಿದ್ದ. ಅವನು ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಒಂದು ಕಾರ್ಖಾನೆಯಲ್ಲಿ ಮೇಸ್ತ್ರಿ. ಪಾಲಿಶ್ ಆಗಿ ಬಂದ ಕಲ್ಲನ್ನು ಬಗ್ಗಿ ನೋಡಿ ಚಲೋದು, ರದ್ದು ಎಂದು ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕುವುದು ಅವನ ಕೆಲಸ. "ಮೇಸ್ತ್ರಿ ಹುಬ್ಬು ಗಂಟು ಹಾಕಿದ್ರು, ಕಲ್ಲು ರದ್ದಾತು" ಎಂದು ಕೂಲಿಯವರು ಮೊದಮೊದಲು ಹೆದರುತ್ತಿದ್ದರಂತೆ. ಆಮೇಲೆ ತಿಳಿಯಿತು, ಆ ಗಂಟು ಹುಟ್ಟಾ ಬಂದದ್ದು, ಅದಕ್ಕೂ ಕಲ್ಲಿಗೂ ಸಂಬಂಧವಿಲ್ಲ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಅದರ ಕೆಳಗೆ ಕರಿಯ ನಾಲ್ಕನೇ ಗೆರೆ. ನಮ್ಮಪ್ಪನನ್ನು ನೆನೆದರೆ ನನಗೆ ಮೊದಲು ಕಾಣುವುದು ಆ ನಾಲ್ಕು ಗೆರೆಗಳೇ.

ಚಿಕ್ಕವಳಿದ್ದಾಗ ಈ ಹುಬ್ಬಿನ ಬಗ್ಗೆ ನನಗೆ ಜಂಬವಿತ್ತು. ಅಪ್ಪನ ತೊಡೆಯ ಮೇಲೆ ಕೂತು, ಅವನ ಹುಬ್ಬಿನ ಈ ತುದಿಯಿಂದ ಆ ತುದಿಯವರೆಗೆ ಬೆರಳಿನ ರೈಲು ಓಡಿಸುತ್ತಿದ್ದೆ. ನಡುವೆ ಎಲ್ಲೂ ಇಳಿಯುವ ಹಾಗಿಲ್ಲ, ನೇರ ಗಾಡಿ. ಹುಬ್ಬು ಒಂದು ದೋಷವೆಂದು ನನಗೆ ಗೊತ್ತಾದದ್ದು ಗಂಡು ನೋಡಲು ಶುರು ಮಾಡಿದ ಮೇಲೆ.

ಮೊದಲು ಬಂದವರು ಚಿತ್ತಾಪುರದವರು. ಉಪ್ಪಿಟ್ಟು ತಿಂದರು, ಚಹಾ ಕುಡಿದರು, ಹೋಗಿ ಹೇಳಿ ಕಳಿಸಿದರು: ಕೂಡುಹುಬ್ಬಿನ ಸೊಸೆ ಬಂದರೆ ಅತ್ತೆಗೆ ಉಳಿಗಾಲವಿಲ್ಲ. ಎರಡನೆಯವರು ಚಿಂಚೋಳಿಯವರು. ಅಲ್ಲಿ ಅತ್ತೆ ಮೊದಲೇ ತೀರಿಕೊಂಡಿದ್ದರು, ನಮಗೆ ಧೈರ್ಯವಿತ್ತು. ಆದರೆ ಚಿಂಚೋಳಿಯ ಲೆಕ್ಕದಲ್ಲಿ ಕೂಡುಹುಬ್ಬು ಕೇಡು ಮಾಡುವುದು ಗಂಡನ ಅಣ್ಣನಿಗಂತೆ. ಒಂದೇ ಹುಬ್ಬು ತಾಲ್ಲೂಕು ದಾಟಿದೊಡನೆ ಬೇರೆ ಬೇರೆಯವರನ್ನು ಕೊಲ್ಲುತ್ತಿತ್ತು. ಪೊಲೀಸರು ಯಾಕೆ ಹಿಡಿದುಕೊಂಡು ಹೋಗಲಿಲ್ಲವೋ.

"ಹುಡುಗಿ ಎತ್ತರ ನಂದು, ಬಣ್ಣ ನಂದು" ಎನ್ನುತ್ತಿದ್ದಳು ಅವ್ವ, ರೊಟ್ಟಿ ಬಡಿಯುತ್ತ. "ಹುಬ್ಬೊಂದು ಅವರದು ಬಂತು. ಎಲ್ಲಾ ಕೆಟ್ಟೋತು."

ಪಡಸಾಲೆಯಲ್ಲಿ ಕೂತ ಅಪ್ಪನಿಗೆ ಇದು ಕೇಳಿಸುತ್ತಿತ್ತು. ಚಿಂಚೋಳಿಯವರು ಬಂದ ದಿನ ನಾನೊಂದು ನೋಡಿದೆ. ಅಪ್ಪ ಕನ್ನಡಿಯ ಮುಂದೆ ನಿಂತು ತಲೆಗೆ ರುಮಾಲು ಸುತ್ತುತ್ತಿದ್ದ. ದಿನಾ ಸುತ್ತುವುದಕ್ಕಿಂತ ಎರಡು ಬೆರಳು ಕೆಳಗೆ ಸುತ್ತಿದ. ವಿಭೂತಿ ಮುಚ್ಚಿತು, ಹುಬ್ಬೂ ಮುಚ್ಚಿತು. ಹುಡುಗಿಗೆ ಇದು ಎಲ್ಲಿಂದ ಬಂತೆಂದು ಬಂದವರಿಗೆ ತಿಳಿಯಬಾರದು ಎಂದು. ಕಣ್ಣಿನ ಮೇಲೆ ಬಂದ ರುಮಾಲಿನ ಕೆಳಗಿನಿಂದ ಅವನು ಬೀಗರನ್ನು ಇಣುಕಿ ನೋಡುತ್ತಿದ್ದದ್ದು ಕಂಡು ನನಗೆ ನಗು ಬರಬೇಕಿತ್ತು, ಬರಲಿಲ್ಲ. ಈ ಹುಬ್ಬನ್ನು ತೊಲಗಿಸಬೇಕು, ಅಪ್ಪ ಮೊದಲಿನಂತೆ ರುಮಾಲು ಸುತ್ತಬೇಕು ಎಂದು ಅವತ್ತೇ ನಿಶ್ಚಯಿಸಿದೆ. ಸುಳ್ಳು ಯಾಕೆ ಹೇಳಲಿ, ಚೆಂದ ಕಾಣಬೇಕೆಂಬ ಆಸೆಯೂ ಇತ್ತು. ಎರಡೂ ಸೇರಿಯೇ ನನ್ನನ್ನು ವಾಡಿಗೆ ಕಳಿಸಿದವು.

ವಾಡಿಯ ಸುದ್ದಿ ತಂದವಳು ಪಕ್ಕದ ಮನೆಯ ಗೆಳತಿ ರಜಿಯಾ. ಸೇಡಂನವರು ಫೋಟೋ ನೋಡಿ ಒಪ್ಪಿದ್ದಾರೆ, ನಾಡಿದ್ದು ಹುಡುಗಿ ನೋಡಲು ಬರುತ್ತಾರೆ ಎಂದು ನಾನು ಹೇಳಿದಾಗ ಅವಳು ಗಲ್ಲಕ್ಕೆ ಕೈ ಹಚ್ಚಿದಳು.

"ಫೋಟೋ ಮಬ್ಬು ಬಂದಿರಬೇಕು. ಹುಬ್ಬು ಕಂಡಿರಲಿಕ್ಕಿಲ್ಲ. ಬಂದು ನೋಡಿದ್ರ ಖಲಾಸ್" ಎಂದಳು. "ವಾಡಿ ರೇಲ್ವೆ ಕ್ವಾರ್ಟರ್ಸಿನಾಗ ಒಬ್ಬಾಕಿ ಗಾರ್ಡಮ್ಮ ಅಂತ ಬಂದಾಳ. ಸಿಕಂದರಾಬಾದಿನಾಗ ಕಲ್ತು ಬಂದಾಳಂತ. ದಾರದಿಂದ ಹುಬ್ಬು ಸಾಫ್ ಮಾಡ್ತಾಳ. ನಾಳೆ ಹೋಗಿ ಬಂದ್ಬಿಡೂಣು ನಡಿ."

ಗಾರ್ಡಮ್ಮ ಎಂದರೆ ಗೂಡ್ಸ್ ಗಾಡಿಯ ಗಾರ್ಡನ ಹೆಂಡತಿ. ಆಕೆಗೆ ತಂದೆ ತಾಯಿ ಇಟ್ಟ ಹೆಸರೊಂದು ಇದ್ದಿರಬೇಕು, ವಾಡಿಯಲ್ಲಿ ಅದನ್ನು ಕೇಳಿದವರಿಲ್ಲ. ಕಸೂತಿ ಕಲಿಯಲು ರಜಿಯಾಳ ಮನೆಗೆ ಹೋಗುತ್ತೇನೆಂದು ಅವ್ವನಿಗೆ ಹೇಳಿ, ಮಧ್ಯಾಹ್ನದ ಗಾಡಿ ಹತ್ತಿ ಇಬ್ಬರೂ ವಾಡಿಯಲ್ಲಿ ಇಳಿದೆವು. ತಿರುಗಿ ಬರಲು ಇದ್ದದ್ದು ಒಂದೇ ಪ್ಯಾಸೆಂಜರು. ಟೈಮ್ ಟೇಬಲಿನ ಪ್ರಕಾರ ಅದು ನಾಲ್ಕಕ್ಕೆ ಬರಬೇಕು. ಆದರೆ ಅದು ಐದಕ್ಕೆ ಮೊದಲು ಬಂದದ್ದನ್ನು ವಾಡಿಯಲ್ಲಿ ಕಂಡವರಿಲ್ಲ. ಊರಿಗೆ ಊರೇ ಆ ತಡವನ್ನು ನಂಬಿ ಬದುಕುತ್ತಿತ್ತು. ಸ್ಟೇಷನ್ನಿನ ಚಹಾದವನು ನಾಲ್ಕೂವರೆಗೆ ಹಾಲು ಕಾಯಲು ಇಡುತ್ತಿದ್ದ. ನಾಲ್ಕರ ಗಾಡಿಗೆ ಹೋಗುವವರು ನಾಲ್ಕಕ್ಕೆ ಮಧ್ಯಾಹ್ನದ ನಿದ್ದೆಯಿಂದ ಏಳುತ್ತಿದ್ದರು. ಯಾರಿಗೂ ಎಂದೂ ಗಾಡಿ ತಪ್ಪಿರಲಿಲ್ಲ.

ಗಾರ್ಡಮ್ಮನ ಪಾರ್ಲರು ಎಂದರೆ ಕ್ವಾರ್ಟರ್ಸಿನ ಹಿಂದಿನ ವರಾಂಡ. ಒಂದು ಕುರ್ಚಿ, ಒಂದು ಕನ್ನಡಿ, ಒಂದು ಪೌಡರ್ ಡಬ್ಬಿ, ಮತ್ತು ಆ ರೀಲು. ಆಕೆ ನನ್ನ ಮುಖವನ್ನು ಗಲ್ಲ ಹಿಡಿದು ಅತ್ತ ಇತ್ತ ತಿರುಗಿಸಿ ನೋಡಿ, "ಅಬ್ಬಬ್ಬಾ, ಜಂಗಲ್ ಅದಲ್ಲಾ ಬೇಟಾ!" ಎಂದು ಸಂತೋಷಪಟ್ಟಳು. ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿದಳು, ನಡುವೆ ತಿರುವಿದಳು, ಶುರು ಮಾಡಿದಳು. ನೋವು ಹೇಗಿತ್ತೆಂದು ಕೇಳಬೇಡಿ. ಕೆಂಪಿರುವೆಗಳು ಸಾಲಾಗಿ ಬಂದು, ಒಂದೊಂದು ಕೂದಲನ್ನು ಒಂದೊಂದು ಇರುವೆ ಹೊತ್ತುಕೊಂಡು ಹೋದ ಹಾಗೆ.

ಆದರೆ ಕೆಲಸದಲ್ಲಿ ಒಂದು ತೊಡಕಿತ್ತು. ದಾರ ಹಲ್ಲಿನಲ್ಲಿದ್ದರೆ ಮಾತಾಡಲು ಬರುವುದಿಲ್ಲ. ಗಾರ್ಡಮ್ಮನಿಗೋ ಮಾತಾಡದೆ ಇರಲು ಬರುವುದಿಲ್ಲ. ಹಾಗಾಗಿ ನಾಲ್ಕು ಕೂದಲು ಕಿತ್ತು ದಾರ ಬಾಯಿಂದ ತೆಗೆದು, ಸಿಕಂದರಾಬಾದಿನ ಒಂದು ಸಂಗತಿ ಹೇಳಿ, ಮತ್ತೆ ದಾರ ಕಚ್ಚಿ, ಮತ್ತೆ ನಾಲ್ಕು. ನಡುವಿನ ಗಂಟು ಬಿಡಿಸುವುದರಲ್ಲಿ ಅವಳ ಅಕ್ಕನ ಮದುವೆ ಮುಗಿಯಿತು. ಎಡಹುಬ್ಬು ಮುಗಿಯುವುದರಲ್ಲಿ ಆ ಅಕ್ಕನಿಗೆ ಮೂವರು ಮಕ್ಕಳಾದರು. ಕನ್ನಡಿಯಲ್ಲಿ ನೋಡಿಕೊಂಡೆ. ಎಡಹುಬ್ಬು ಬಿದಿಗೆ ಚಂದ್ರನಂತೆ ಎಷ್ಟು ಚೆಂದ ಆಗಿತ್ತೆಂದರೆ, ಅದು ನನ್ನದೇ ಎಂದು ನಂಬಿಕೆ ಬರಲಿಲ್ಲ. ಬಲಹುಬ್ಬು ಹುಟ್ಟಿದಾಗ ಹೇಗಿತ್ತೋ ಹಾಗೇ ಕಾದು ಕೂತಿತ್ತು.

ಅಷ್ಟರಲ್ಲಿ ಗಾಡಿ ಕೂಗಿತು.

"ಅದು ಗೂಡ್ಸ್ ಬೇಟಾ" ಎಂದಳು ಗಾರ್ಡಮ್ಮ. ಮತ್ತೆ ಕೂಗಿತು. ಆಕೆಯ ಬಾಯಿಯಿಂದ ದಾರ ಕೆಳಗೆ ಬಿತ್ತು. "ಹಾಯ್! ಪ್ಯಾಸೆಂಜರು! ನಾಕಕ್ಕ ಬಂದದಲ್ಲಾ!"

ಯಾರೋ ದೊಡ್ಡ ಸಾಹೇಬರು ತಪಾಸಣೆಗೆಂದು ಅದೇ ಗಾಡಿಯಲ್ಲಿ ಬಂದಿದ್ದರಂತೆ. ಹಾಗಾಗಿ ಗಾಡಿ ಅವತ್ತೊಂದು ದಿನ ಹೇಳಿದ ವೇಳೆಗೆ ಬಂದಿತ್ತು. ವಾಡಿಯಲ್ಲಿ ಹಾಹಾಕಾರವೆದ್ದಿತು. ನಿದ್ದೆಗಣ್ಣಿನವರು, ಧೋತರ ಕಟ್ಟಿಕೊಳ್ಳುತ್ತಿದ್ದವರು, ಕೂಸು ಎತ್ತಿಕೊಂಡವರು ಎಲ್ಲ ಸ್ಟೇಷನ್ನಿನ ಕಡೆಗೆ ಓಡಿದರು. ಗಾಡಿ ತಪ್ಪಿದರೆ ಮುಂದಿನದು ಮರುದಿನ, ಅವ್ವನಿಗೆ ಏನೆಂದು ಹೇಳುವುದು? ನಾನೂ ರಜಿಯಾಳೂ ಸೀರೆ ಎತ್ತಿ ಹಿಡಿದು ಓಡಿದೆವು. ನನ್ನ ಬಲಹುಬ್ಬಿನ ಕೆಲಸ ವಾಡಿಯಲ್ಲೇ ಉಳಿಯಿತು.

ಗಾಡಿಯ ಡಬ್ಬಿಯಲ್ಲಿ ಕಿಟಕಿಯ ಪಕ್ಕ ಕೂತೆ. ನನ್ನ ಎಡಗಡೆ ಕೂತವರು ನನ್ನನ್ನು ಯಾವುದೋ ಸಿನಿಮಾದವಳೆಂದು ತಿಳಿದು ಮರ್ಯಾದೆಯಿಂದ ಸರಿದು ಕೂತರು. ಎದುರಿಗಿದ್ದ ಮುದುಕ ಮಾತ್ರ ಎರಡೂ ಕಡೆ ನೋಡಿ, ಬೀಡಿ ಕೆಳಗಿಳಿಸಿ, "ಏನಾಗ್ಯದ ತಂಗಿ, ವಾತ ಹೊಡದದೇನು?" ಎಂದು ಮರುಗಿದ. ರಜಿಯಾ ಕಿಟಕಿಯ ಆಚೆ ಮುಖ ಹಾಕಿ ನಕ್ಕಳು. ನಾನೂ ನಕ್ಕೆ. ನಕ್ಕರೆ ಎಡಹುಬ್ಬು ಒಂದು ರೀತಿ, ಬಲಹುಬ್ಬು ಒಂದು ರೀತಿ ಏಳುತ್ತಿತ್ತು. ಮುದುಕ ಮತ್ತಷ್ಟು ಮರುಗಿದ.

ಇಲ್ಲಿಗೆ ನಿಂತಿದ್ದರೂ ಹೇಗೋ ಆಗುತ್ತಿತ್ತು. ಆದರೆ ರಜಿಯಾಳ ಅಜ್ಜಿ ಇದ್ದರಲ್ಲ, ನಾವೆಲ್ಲ ಬಡೀಬೀ ಎಂದು ಕರೆಯುತ್ತಿದ್ದವರು, ಗಾಡಿ ಇಳಿದು ಅವರ ಮನೆಗೆ ಹೋದೊಡನೆ ಅವರು ನನ್ನ ಮುಖ ನೋಡಿ, "ಇತ್ತಿ ಸಿ ಬಾತ್? ಇಷ್ಟೇನಾ?" ಎಂದರು. ಅವರ ತವರಿನಲ್ಲಿ ಮದುವಣಗಿತ್ತಿಯರ ಕೈಕಾಲಿನ ಕೂದಲು ತೆಗೆಯಲು ಸುಣ್ಣ ಮತ್ತು ಹರತಾಳದ ಹಳದಿ ಪುಡಿ ಕಲಸಿ ಹಚ್ಚುತ್ತಿದ್ದರಂತೆ. ಹತ್ತು ಎಣಿಸಿ ಒರೆಸಿದರೆ ಸಾಕು. ಕೈಕಾಲಿನ ಮದ್ದು ಹುಬ್ಬಿಗೆ ಆದೀತೇ ಎಂದು ನಾನು ಕೇಳಲಿಲ್ಲ. ಅವರ ತವರಿನ ಸುಣ್ಣ ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತು ಸಪ್ಪಗಾದದ್ದು, ನಮ್ಮ ಶಹಾಬಾದಿನ ಸುಣ್ಣ ಹಿತ್ತಲ ಹಿಂದಿನ ಭಟ್ಟಿಯಿಂದ ಬೆಳಿಗ್ಗೆಯಷ್ಟೇ ಇಳಿದದ್ದು ಎಂಬುದು ಅವರಿಗೂ ಹೊಳೆಯಲಿಲ್ಲ.

ಬೆಂಕಿಕಡ್ಡಿಯ ತುದಿಯಿಂದ ಬಲಹುಬ್ಬಿನ ಅಂಚಿಗೆ ಬಹಳ ನಾಜೂಕಾಗಿ ಹಚ್ಚಿದರು. "ಏಕ್, ದೋ, ತೀನ್" ಎಂದು ಎಣಿಸತೊಡಗಿದರು. ಏಳಕ್ಕೆ ಬಂದಾಗ ಅವರಿಗೆ ತಮ್ಮ ಮದುವೆ ನೆನಪಾಯಿತು. ಗಂಡಿನ ಕಡೆಯವರು ಮಳೆಯಲ್ಲಿ ಸಿಕ್ಕಿಕೊಂಡದ್ದು, ಬಿರಿಯಾನಿ ಸಾಲದೆ ಹೋದದ್ದು, ಎಲ್ಲ ಹೇಳಿದರು. ಎಷ್ಟಕ್ಕೆ ನಿಲ್ಲಿಸಿದ್ದೆನೆಂದು ಮರೆತು, ಮತ್ತೆ ಒಂದರಿಂದ ಎಣಿಸಿದರು. ಅಷ್ಟರಲ್ಲಿ ಮದ್ದು ಕರಗಿ ಇಳಿದಿತ್ತು. ಉರಿ ತಾಳದೆ ನಾನು ಕೂಗಿಕೊಂಡೆ. ಒದ್ದೆ ಬಟ್ಟೆಯಿಂದ ಒರೆಸಿದರು. ಹುಬ್ಬು ಪೂರ್ತಿಯಾಗಿ ಬಟ್ಟೆಗೆ ಬಂತು.

ಬಡೀಬೀ ಬಟ್ಟೆ ನೋಡಿದರು, ನನ್ನ ಮುಖ ನೋಡಿದರು. "ಸಾಫ್ ತೋ ಹೋ ಗಯಾ" ಎಂದರು ಸಣ್ಣ ದನಿಯಲ್ಲಿ.

ಅವ್ವ ನನ್ನನ್ನು ನೋಡಿ ಹೊಸ್ತಿಲಲ್ಲೇ ಕುಸಿದಳು. "ನಾಳೆ ಮಂದಿ ಬರ್ಲಿಕತ್ತಾರ, ನೀ ಹಿಂಗ ಮುಖ ಬೋಳಿಸ್ಕೊಂಡು ಬಂದೀಯಲ್ಲ" ಎಂದು ಹಣೆ ಬಡಿದುಕೊಂಡಳು. ಅಪ್ಪ ಬಂದಾಗ ನಾನು ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಮೂಲೆಯಲ್ಲಿ ಕೂತಿದ್ದೆ. ಅವನು ಹತ್ತಿರ ಬಂದು ಸೆರಗು ಸರಿಸಿದ. ಕಲ್ಲು ನೋಡುವಂತೆ ಬಗ್ಗಿ ನೋಡಿದ. ಅವನ ಕೈ ತಾನಾಗಿಯೇ ತನ್ನ ಹಣೆಗೆ ಹೋಗಿ, ಹುಬ್ಬು ಕೂಡುವ ಜಾಗವನ್ನು ಒಮ್ಮೆ ಮುಟ್ಟಿಕೊಂಡಿತು.

"ಪಾಲಿಶ್ ಭಾಳ ಆತವ್ವ" ಎಂದ. ನಗಲು ನೋಡಿದ, ನಗು ಬರಲಿಲ್ಲ. ಒಳಗೆ ಹೋಗಿಬಿಟ್ಟ.

ಸುಣ್ಣದ ಉರಿಗೆ ಅಳದವಳು ಆಗ ಅತ್ತುಬಿಟ್ಟೆ. ಅಪ್ಪನ ಗುರುತನ್ನು ನಾನು ಹೊಲಸು ಒರೆಸಿದಂತೆ ಒರೆಸಿ ಬಂದಿದ್ದೆ, ಅದೂ ಅವನಿಗೆ ಉಪಕಾರ ಮಾಡುತ್ತೇನೆಂದುಕೊಂಡು.

ಮರುದಿನ ಸೇಡಂನವರು ಬಂದರು. ಹುಡುಗ ಕಚೇರಿಯಲ್ಲಿ ಗುಮಾಸ್ತ. ಜೊತೆಗೆ ಅವನ ತಾಯಿ, ಮತ್ತು ಅವರೆಲ್ಲರ ಪರವಾಗಿ ಮಾತಾಡಲು ಒಬ್ಬ ಸೋದರಮಾವ. ರಜಿಯಾ ಸುರ್ಮಾದಿಂದ ನನಗೆ ಬಲಹುಬ್ಬು ಬರೆದಿದ್ದಳು. ಮೇ ತಿಂಗಳ ಶಹಾಬಾದು, ಮೇಲೆ ಕಲ್ಲಿನ ಮಾಳಿಗೆ, ಕೆಳಗೆ ಕಲ್ಲಿನ ನೆಲ. ಮಂಡಕ್ಕಿ ಸುಸ್ಲಾದ ತಾಟು ಕೊಟ್ಟು ಚಾಪೆಯ ಮೇಲೆ ಕೂತ ಹೊತ್ತಿಗೆ ಹುಬ್ಬು ಬೆವತು ಹೊರಟಿತ್ತು. ಕಣ್ಣಿನ ಮಗ್ಗುಲಿಗೆ ಇಳಿಯಿತು, ಕೆನ್ನೆಗೆ ಬಂತು. ಹುಡುಗನಿಗೆ ಅದು ಕಾಣಲಿಲ್ಲ, ಅವನು ಸುಸ್ಲಾದೊಳಗಿನ ಶೇಂಗಾ ಆರಿಸಿ ತಿನ್ನುತ್ತಿದ್ದ. ಅವನ ತಾಯಿಗೆ ಕಂಡಿತು. ಆಕೆ ಕೈಚೀಲದಿಂದ ನನ್ನ ಫೋಟೋ ತೆಗೆದು ಸೋದರಮಾವನಿಗೆ ಕೊಟ್ಟಳು. ಆತ ಅದನ್ನು ನನ್ನ ಮುಖದ ಪಕ್ಕಕ್ಕೆ ಹಿಡಿದ.

"ಏನ್ರೀ ಮೇಸ್ತ್ರಿ! ಫೋಟೋದಾಗ ಒಂದು ಹುಡುಗಿ, ಚಾಪಿ ಮ್ಯಾಲ ಒಂದು ಹುಡುಗಿ!"

"ಅಯ್ಯ, ಆಕಿನೇ ರೀ, ಸ್ವಲ್ಪ ಮೈಯಾಗ ಹುಷಾರಿದ್ದಿಲ್ಲ" ಎಂದಳು ಅವ್ವ ಬಾಗಿಲ ಸಂದಿಯಿಂದ.

"ಹುಷಾರಿಲ್ಲಂದ್ರ ಹುಬ್ಬು ಹೋಗ್ತಾವೇನ್ರೀ? ನಮ್ಮ ಜೋಯಿಸರು ಏನಂದಾರ ಗೊತ್ತದೇನು? ಕೂಡುಹುಬ್ಬಿನ ಹುಡುಗಿ ಮನಿಗೆ ಬಂದ್ರ ಹುಡುಗಗ ಬಡ್ತಿ ಆಗ್ತದಂತ. ಫೋಟೋದಾಗ ಅದನ್ನ ನೋಡೇ ಬಂದೀವಿ. ನೀವು ಹುಡುಗಿ ಬದಲ್ ಮಾಡೀರಿ!"

ಕೇಳಿದಿರಾ? ಚಿತ್ತಾಪುರದಲ್ಲಿ ಅತ್ತೆಯನ್ನು, ಚಿಂಚೋಳಿಯಲ್ಲಿ ಭಾವನನ್ನು ತಿನ್ನುವ ಹುಬ್ಬು ಸೇಡಂನಲ್ಲಿ ಬಡ್ತಿ ಕೊಡಿಸುತ್ತಿತ್ತು. ಒಬ್ಬಳನ್ನು ತೋರಿಸಿ ಇನ್ನೊಬ್ಬಳಿಗೆ ತಾಳಿ ಕಟ್ಟಿಸುವ ಕಥೆಗಳು ಆಗ ಎಲ್ಲ ಊರಲ್ಲೂ ಇದ್ದವು, ನಿಜ. ಆದರೆ ಚೆಂದದವಳನ್ನು ಬಚ್ಚಿಟ್ಟು, ಒಂದೇ ಹುಬ್ಬಿನವಳನ್ನು ತಂದು ಕೂರಿಸುವಷ್ಟು ಪೆದ್ದರು ಯಾರಿರುತ್ತಾರೆ ಎಂದು ಆ ಸೋದರಮಾವ ಯೋಚಿಸಲಿಲ್ಲ.

ಅಪ್ಪ ಅಷ್ಟು ಹೊತ್ತು ಗೋಡೆಗೆ ಒರಗಿ ಕೂತಿದ್ದ, ರುಮಾಲು ಕಣ್ಣಿನವರೆಗೆ. ಈಗ ಎದ್ದು ನಡುಮನೆಗೆ ಬಂದ. ಎರಡೂ ಕೈ ಎತ್ತಿ ರುಮಾಲಿನ ಗಂಟು ಬಿಚ್ಚತೊಡಗಿದ.

ನಮ್ಮ ಕಡೆ ಹೆಣ್ಣಿನ ತಂದೆ ಬೀಗರ ಮುಂದೆ ರುಮಾಲು ತೆಗೆದನೆಂದರೆ ಅದಕ್ಕೆ ಒಂದೇ ಅರ್ಥ: ಅದನ್ನು ಅವರ ಕಾಲ ಮೇಲಿಟ್ಟು ಬೇಡಿಕೊಳ್ಳುತ್ತಾನೆ. "ಬ್ಯಾಡ್ರೀ" ಎಂದು ಅವ್ವ ಒಳಗಿನಿಂದ ಚೀರಿದಳು. ಸೋದರಮಾವ ಮಡಚಿದ್ದ ಕಾಲನ್ನು ಬಿಡಿಸಿ ಮುಂದಕ್ಕೆ ಚಾಚಿ, ಅನುಕೂಲ ಮಾಡಿಕೊಂಡು ಕೂತ. ನಾನು ಚಾಪೆಯಿಂದ ಅರ್ಧ ಎದ್ದೆ. ನನ್ನ ಅರ್ಧ ಹುಬ್ಬಿನ ಸಲುವಾಗಿ ಅಪ್ಪ ಇವರ ಕಾಲು ಮುಟ್ಟುತ್ತಾನಲ್ಲ ಎಂದು.

ಅಪ್ಪ ರುಮಾಲು ಬಿಚ್ಚಿದ. ಅದರ ತುದಿಯಿಂದ ಸಾವಕಾಶವಾಗಿ ಮುಖ ಒರೆಸಿಕೊಂಡ. ಹೆಗಲ ಮೇಲೆ ಹಾಕಿಕೊಂಡ. ತಲೆ ಎತ್ತಿ ನಿಂತ.

"ಬರ್ರಿ, ಹತ್ತರ ಬಂದು ನೋಡ್ರಿ" ಎಂದ. "ಫೋಟೋದಾಗಿನ ಹುಬ್ಬು ಇವೇ ಹೌದೋ ಅಲ್ಲೋ ಹೇಳ್ರಿ."

ಸೋದರಮಾವ ಫೋಟೋ ನೋಡಿದ, ಅಪ್ಪನನ್ನು ನೋಡಿದ. ಚಾಚಿದ ಕಾಲು ಮೆಲ್ಲಗೆ ಒಳಗೆ ಹೋಯಿತು. "ಹೌದ್ರಿ, ಇವೇ" ಎಂದ.

"ಹಂಗಂದ್ರ ಹುಡುಗಿ ನಂದೇ. ಬದಲ್ ಮಾಡಿಲ್ಲ."

ಹುಡುಗನ ತಾಯಿ ಮೆತ್ತಗಾದಳು. "ಸಿಟ್ಟಾಗಬ್ಯಾಡ್ರಿ. ಹಂಗಾದ್ರ ಎರಡು ತಿಂಗಳು ಬಿಟ್ಟು ಬರ್ತೀವಿ. ಹುಬ್ಬು ಬಂದು ಮೊದಲಿನಂಗ ಕೂಡಿದ್ರ ಮುಂದಿನ ಮಾತು ಆಡೂಣು."

ಅಪ್ಪ ಕೈ ಮುಗಿದ. ಅವನ ದನಿ ಏರಲಿಲ್ಲ. "ಹುಬ್ಬು ಬರ್ತಾವ್ರಿ. ನೀವು ಬರಬ್ಯಾಡ್ರಿ."

ಅವರು ಹೋದ ಮೇಲೆ ಅವ್ವ ಉಳಿದ ಸುಸ್ಲಾ ತಂದು ನಡುವೆ ಇಟ್ಟು, ಅಪ್ಪನ ಬರಿದಲೆಯನ್ನೂ ನನ್ನ ಕೆನ್ನೆಯ ಮೇಲಿನ ಹುಬ್ಬನ್ನೂ ನೋಡಿ, "ಶೇಂಗಾ ಒಂದೂ ಉಳಿಸಿಲ್ಲ, ಬಡ್ತಿ ಬೇಕಂತ ಬಡ್ತಿ" ಎಂದಳು. ಮೂವರೂ ನಗಲು ಶುರು ಮಾಡಿದೆವು. ಅವ್ವ ಆಮೇಲೆ ಎಂದೂ ಹುಬ್ಬಿನ ಮಾತು ತೆಗೆಯಲಿಲ್ಲ. ಗಾರ್ಡಮ್ಮ ಮಾತ್ರ ಇನ್ನೊಂದು ಹುಬ್ಬು ಬಾಕಿ ಇದೆ, ಬಂದು ಮಾಡಿಸಿಕೊಂಡು ಹೋಗಲಿ ಎಂದು ರಜಿಯಾಳ ಹತ್ತಿರ ಮೂರು ಸಲ ಹೇಳಿ ಕಳಿಸಿದಳು.

ಹುಬ್ಬು ಬಂತು. ಬೇಡವೆಂದು ಮೊದಲು ಕಿತ್ತಿಸಿದ ನಡುವಿನ ಕೂದಲೇ ಎಲ್ಲಕ್ಕಿಂತ ಮೊದಲು ಬಂತು. ಬಲಹುಬ್ಬಿನ ತುದಿಯಲ್ಲಿ ಸುಣ್ಣ ಸುಟ್ಟ ಒಂದು ಸಣ್ಣ ಜಾಗ ಈಗಲೂ ಖಾಲಿ ಇದೆ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಅಪ್ಪ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತಿದ್ದ. ಪೂರ್ತಿ ಕೂಡಿದ ದಿನ, "ಚಲೋ ಮಾಲ್, ಪಾಸ್" ಎಂದು ನನ್ನ ಹಣೆಗೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ ಹೋದ. ಅವನ ರುಮಾಲು ಅಂದಿನಿಂದ ಎರಡು ಬೆರಳು ಮೇಲೆಯೇ ಇತ್ತು. ಗೋಡೆಯ ಮೇಲಿನ ಅವನ ಫೋಟೋದಲ್ಲಿಯೂ ಹಾಗೇ ಇದೆ.

ಮೊನ್ನೆ ಮಗಳು ಯಾವುದೋ ಮದುವೆಗೆ ಹೋಗುವ ಮುಂಚೆ ನನ್ನನ್ನು ಕಲಬುರಗಿಯ ಪಾರ್ಲರಿಗೆ ಕೈ ಹಿಡಿದು ಎಳೆದುಕೊಂಡು ಹೋದಳು. ತಿರುಗುವ ಕುರ್ಚಿ, ತಂಪು ಗಾಳಿ, ಸುತ್ತ ಕನ್ನಡಿ. ಹುಬ್ಬುಗಳೀಗ ಅರ್ಧ ಬೆಳ್ಳಗಾಗಿವೆ, ಆದರೆ ಹಿಡಿದ ಕೈ ಬಿಟ್ಟಿಲ್ಲ. ಆ ಹುಡುಗಿ ದಾರದ ತುದಿ ಹಲ್ಲಿನಲ್ಲಿ ಕಚ್ಚಿದಳು. ನನ್ನ ಎಡಗಣ್ಣು ಮುಚ್ಚಿತು. ಅವಳಿಗೆ ಏನೋ ತೋಚಿ ದಾರ ಬಾಯಿಂದ ತೆಗೆದು, ಮೂಗಿನ ಮೇಲೆ ಬೆರಳಿಟ್ಟು ಕೇಳಿದಳು.

"ಅಮ್ಮಾ, ನಡುವಿಂದು ತೆಗಿಲೇನ್ರಿ?"

"ಬ್ಯಾಡವ್ವಾ" ಎಂದೆ. "ಅತ್ತಿತ್ತಲಿಂದು ನೀ ಏನಾರ ಮಾಡು. ನಡುವಿಂದು ನಮ್ಮಪ್ಪಂದು."